ಟ್ಯೂಬಿನೊಳಗಿನ ಮೂರು ಮದ್ದು, ನಾಯಿಯ ಒಂದು ಚರ್ಮ

ಸಾಕುನಾಯಿಯ ಮೈಮೇಲೆ ದುಂಡಗೆ ಕೂದಲುದುರಿ ಹೊಟ್ಟೆದ್ದರೆ ನಮ್ಮಲ್ಲಿ ಬಹಳ ಮಂದಿ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ‘ಫಂಗಸ್ ಆಗಿದೆ, ಏನಾದ್ರೂ ಕೊಡಿ’ ಅಂದರೆ ಮನುಷ್ಯರ ಹುಳುಕಡ್ಡಿಗೆಂದು ಮಾರುವ ಟ್ಯೂಬು ಕೈಗೆ ಬರುತ್ತದೆ. ಅದರೊಳಗೆ ಕ್ಲೋಬೆಟಾಸೋಲ್ ಎಂಬ ಪ್ರಬಲ ಸ್ಟೀರಾಯ್ಡ್, ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ. ಯಾವ ರೋಗವೆಂದು ಗೊತ್ತಿಲ್ಲದಿದ್ದರೂ ಮೂರರಲ್ಲೊಂದು ತಾಗೀತು ಎಂಬ ಲೆಕ್ಕ. ಸ್ಟೀರಾಯ್ಡ್ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಚೀಟಿ ಕೇಳುವ ಅಂಗಡಿ ಮಾತ್ರ ಅಪರೂಪ.

ಈ ಪದ್ಧತಿ ಉಳಿದುಕೊಂಡಿರುವುದು ಅದು ಕೆಲಸ ಮಾಡಿದಂತೆ ಕಾಣುವುದರಿಂದ. ಕೆಲವೇ ದಿನದಲ್ಲಿ ಕೆಂಪು ಇಳಿಯುತ್ತದೆ, ಕೆರೆತ ನಿಲ್ಲುತ್ತದೆ. ಕಡಿಮೆಯಾದದ್ದು ಉರಿಯೂತ, ರೋಗವಲ್ಲ. ಸ್ಟೀರಾಯ್ಡ್ ಚರ್ಮದ ಕಾವಲನ್ನು ಕುಗ್ಗಿಸಿದಾಗ ಶಿಲೀಂಧ್ರ ಕೂದಲ ಬುಡದಲ್ಲಿ ಆರಾಮಾಗಿ ಹಬ್ಬುತ್ತದೆ. ಇನ್ನು ಹಚ್ಚಿದ್ದರಲ್ಲಿ ಒಂದಷ್ಟನ್ನು ನಾಯಿ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಅದು ಬೇರೆ ಮಾತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಾಯಿಗಳಲ್ಲಿ ಇಂಥ ಬೋಳು ಮಚ್ಚೆಗೆ ಡೆಮೊಡೆಕ್ಸ್ ಎಂಬ ನುಸಿಯೋ ಬ್ಯಾಕ್ಟೀರಿಯಾವೋ ಕಾರಣವಾಗಿರುವುದೇ ಹೆಚ್ಚು. ನುಸಿ ಇರುವ ಚರ್ಮಕ್ಕೆ ಸ್ಟೀರಾಯ್ಡ್ ಬಳಿದರೆ ನುಸಿ ಇನ್ನಷ್ಟು ಹೆಚ್ಚುತ್ತದೆ.

ಆಮೇಲೆ ಶುರುವಾಗುವುದು ‘ಯಾವ ಔಷಧಿಯೂ ನಾಟುತ್ತಿಲ್ಲ, ರೆಸಿಸ್ಟೆನ್ಸ್ ಬಂದಿದೆ’ ಎಂಬ ದೂರು. ಈ ಮಾತನ್ನು ಹಾಗೇ ಒಪ್ಪಬಾರದು. ನಾಯಿಗೆ ಹುಳುಕಡ್ಡಿ ತರುವ ಮುಖ್ಯ ಶಿಲೀಂಧ್ರ ಮೈಕ್ರೊಸ್ಪೋರಮ್ ಕ್ಯಾನಿಸ್. ಹೆಸರಲ್ಲಿ ನಾಯಿ ಇದ್ದರೂ ಅದರ ಖಾಯಂ ವಾಸ ಬೆಕ್ಕಿನ ಮೈ. ಉದುರಿದ ಕೂದಲಿನಲ್ಲಿ, ಹಾಸಿಗೆಯಲ್ಲಿ, ಸೋಫಾದ ಸಂದಿನಲ್ಲಿ ಅದರ ಬೀಜಕಣ ತಿಂಗಳುಗಟ್ಟಲೆ ಬದುಕಿರಬಲ್ಲದು. ಮನೆಯ ಬೆಕ್ಕನ್ನು ಪರೀಕ್ಷಿಸದೆ, ಹಾಸಿಗೆ ಒಗೆಯದೆ, ಹೊಸ ಕೂದಲು ಮೂಡಿದ್ದೇ ತಡ ಮಾತ್ರೆ ನಿಲ್ಲಿಸಿದರೆ ರೋಗ ಮರಳುವುದು ಖಚಿತ. ಅದು ಅರೆಚಿಕಿತ್ಸೆ, ಔಷಧಿಯ ಸೋಲಲ್ಲ.

ಹಾಗೆಂದು ನಿಜವಾದ ಪ್ರತಿರೋಧ ಇಲ್ಲವೇ ಇಲ್ಲ ಎನ್ನಲಾಗದು. 2020ರಲ್ಲಿ ಜಪಾನಿನ ಸಂಶೋಧಕರು, ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ಬೇರ್ಪಡಿಸಿದ ಶಿಲೀಂಧ್ರಕ್ಕೆ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಮಾತ್ರೆ ಹಿಡಿದು ನಿಲ್ಲಿಸಬೇಕಾದ ಕಿಣ್ವದಲ್ಲೇ ರೂಪಾಂತರವಾಗಿರುವುದರಿಂದ ಈ ಜಾತಿಯ ಅನೇಕ ತಳಿಗಳಿಗೆ ಆ ಮಾತ್ರೆ ನಾಟುವುದಿಲ್ಲ. ಮುಖ್ಯವಾಗಿ ಇದು ಮನುಷ್ಯರ ರೋಗ. ಇದರ ಹಬ್ಬುವಿಕೆಯಲ್ಲಿ ಸ್ಟೀರಾಯ್ಡ್ ಬೆರಕೆಯ ಮುಲಾಮುಗಳ ಪಾತ್ರವೂ ಇದೆಯೆಂದು ಚರ್ಮವೈದ್ಯರು ವರ್ಷಗಳಿಂದ ಎಚ್ಚರಿಸುತ್ತಿದ್ದಾರೆ. ಅದೇ ಮುಲಾಮನ್ನು ಈಗ ನಾಯಿಗೂ ಹಚ್ಚುತ್ತಿದ್ದೇವೆ.

ಕಿವಿಯ ಕಥೆ ಇನ್ನೊಂದು ಬಗೆಯದು. ಜೋಲುಕಿವಿಯ ನಾಯಿಗಳ ಕಿವಿಯಲ್ಲಿ ಕಂದು ಗುಗ್ಗೆ, ಮುಗ್ಗಲು ವಾಸನೆ ತರುವ ಮಲಸೇಜಿಯ ಎಂಬ ಯೀಸ್ಟ್ ಆರೋಗ್ಯವಂತ ನಾಯಿಯ ಮೈಮೇಲೂ ಇರುವಂಥದ್ದು. ಅದು ಮಿತಿಮೀರುವುದಕ್ಕೆ ಸಾಮಾನ್ಯವಾಗಿ ಹಿಂದೊಂದು ಕಾರಣವಿರುತ್ತದೆ: ಅಲರ್ಜಿ, ಹಾರ್ಮೋನಿನ ಏರುಪೇರು. ಮೂಲ ಹುಡುಕದೆ ತಿಂಗಳಿಗೊಮ್ಮೆ ಅದೇ ತೊಟ್ಟುಮದ್ದು ಹಾಕುತ್ತ ಹೋದರೆ ಯೀಸ್ಟಿಗೆ ಔಷಧಿಯ ಅಭ್ಯಾಸವಾಗುತ್ತದೆ. ಅಜೋಲ್ ಗುಂಪಿನ ಔಷಧಿಗಳಿಗೆ ಬಗ್ಗದ ಮಲಸೇಜಿಯ ತಳಿಗಳು ಹಲವು ದೇಶಗಳ ನಾಯಿಗಳಲ್ಲಿ ಈಗಾಗಲೇ ಸಿಕ್ಕಿವೆ.

ವಿಶ್ವ ಪಶುಚರ್ಮವೈದ್ಯ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹುಳುಕಡ್ಡಿಯ ಬಗ್ಗೆ ಬೇರೆ ದಾರಿ ಹೇಳುತ್ತದೆ: ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಲ್ಚರ್ ಮಾಡಿ, ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಜೊತೆಗೆ ವಾರಕ್ಕೆರಡು ಬಾರಿ ಮೈಕೊನಜೋಲ್–ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸ್ನಾನ ಮಾಡಿಸಿ, ಮನೆ ಶುಚಿಗೊಳಿಸಿ. ಶಾಸ್ತ್ರ ಸರಿಯಾಗಿದೆ. ಆದರೆ ಅದು ಹೊಗಳುವ ಲೈಮ್ ಸಲ್ಫರ್ ದ್ರಾವಣ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಎಲ್ಲಿ ಸಿಗಬೇಕು? ಕಲ್ಚರಿಗೆ ಎರಡು ಮೂರು ವಾರ ಕಾಯುವ ವ್ಯವಧಾನ ಯಾರಿಗಿದೆ? ಈ ಆಕ್ಷೇಪ ನ್ಯಾಯವಾದದ್ದೇ. ಆದರೂ ಚರ್ಮ ಕೆರೆದು ಗಾಜಿನ ಮೇಲಿಟ್ಟು ನೋಡುವುದಕ್ಕೆ ಒಂದು ಬ್ಲೇಡು, ಒಂದು ಸೂಕ್ಷ್ಮದರ್ಶಕ, ಹತ್ತು ನಿಮಿಷ ಸಾಕು. ಅಷ್ಟನ್ನೂ ಮಾಡದೆ ಚೀಟಿ ಬರೆಯುವ ವೈದ್ಯರಿಗೂ ಟ್ಯೂಬು ಮಾರುವ ಅಂಗಡಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ನಾಯಿಗೆ ಮುಲಾಮು ಬರೆದುಕೊಡುವ ಮೊದಲು ಚರ್ಮ ಕೆರೆದು ನೋಡಿ ಎಂದು ಕೇಳಿ. ಮನೆಯಲ್ಲಿ ಯಾರಿಗಾದರೂ ಹುಳುಕಡ್ಡಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.