ವೀರಬಾಹುವಿನ ಕತ್ತಿ

ಹರಿಶ್ಚಂದ್ರನ ಆಟ ನೋಡಿ ಅಳದವರು ನಮ್ಮ ಕಡೆ ಯಾರೂ ಇಲ್ಲ. ಅಂಕೋಲೆ ಕಡೆಯ ಗದ್ದೆಬಯಲಿನಲ್ಲಿ, ಭತ್ತ ಕೊಯ್ದ ಕೂಳೆಯ ಮೇಲೆ ಚಾಪೆ ಹಾಸಿ, ನಾವೂ ನಮ್ಮ ಅಜ್ಜಿಯೂ ಬೆಳಗಿನ ಜಾವದವರೆಗೆ ಕೂತು ಅತ್ತಿದ್ದೇವೆ. ಚಂದ್ರಮತಿ ತಲೆಬಾಗಿಸಿ ಕೂತಿರುತ್ತಾಳೆ. ಗಂಡ ಕತ್ತಿ ಎತ್ತಿರುತ್ತಾನೆ. ಚಂಡೆ ಎದೆಗೇ ಬಡಿದ ಹಾಗೆ ಬಡಿಯುತ್ತಿರುತ್ತದೆ. ಅಷ್ಟು ಹೊತ್ತಿಗೆ ಮೂಡಲಲ್ಲಿ ಬೆಳ್ಳಿ ಮೂಡುತ್ತದೆ, ರಂಗದಲ್ಲಿ ವಿಶ್ವನಾಥ ಮೂಡುತ್ತಾನೆ. ಜನ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಹಾಗೆ ಮನೆಗೆ ಹೋಗುವ ದಾರಿಯಲ್ಲಿ ಒಮ್ಮೆ ಅಜ್ಜಿ ಕೇಳಿದಳು: "ತಮಾ, ಎಲ್ಲ ಸರಿ. ಕಡಿಯೋ ಕೆಲ್ಸ ಮಾತ್ರ ನಮ್ಮವ್ನ ಕೈಗೇ ಯಾಕೆ ಬಂತಾ?"

ಆಗ ನಾವು ನಕ್ಕೆವು. ಆಮೇಲೆ ಕಾಲೇಜಿಗೆ ಹೋದೆವು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಅಲ್ಲಿ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದ ಭಾಗ ಪಠ್ಯವಾಗಿತ್ತು. 'ಸತ್ಯದ ವಿಜಯವನ್ನು ನಿರೂಪಿಸಿ' ಎಂಬ ಹತ್ತು ಅಂಕದ ಪ್ರಶ್ನೆಗೆ ನಾವೂ ಉತ್ತರ ಬರೆದು ಪಾಸಾದೆವು. ಅಜ್ಜಿಯ ಪ್ರಶ್ನೆ ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಈಗ ಕಾರವಾರದ ಹಬ್ಬುವಾಡದ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಆ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಆ ಕಾವ್ಯವನ್ನು ಮತ್ತೆ ಓದಿದ್ದೇವೆ. ಗಲ್ಲು ಬೇಕೋ ಬೇಡವೋ ಎಂಬ ವಾದ ನಡೆಯುತ್ತಿರುವ ಈ ದೇಶದಲ್ಲಿ ಅದು ಹಳೆಯ ಕಾವ್ಯವಾಗಿ ನಮಗೆ ಕಾಣಲಿಲ್ಲ.

ಕಾಶಿಯ ಆ ಪ್ರಸಂಗವನ್ನು ಭಕ್ತಿಯನ್ನು ಪಕ್ಕಕ್ಕಿಟ್ಟು ಒಂದು ಮೊಕದ್ದಮೆ ಎಂದು ಓದಿ ನೋಡಿ. ರಾಜನ ಮಗುವಿನ ಕೊಲೆಯಾಗಿದೆ. ಸತ್ತ ಮಗುವಿನ ಜೊತೆ ಸಿಕ್ಕಿಬಿದ್ದವಳು ಒಬ್ಬ ತೊತ್ತು. ಬ್ರಾಹ್ಮಣನ ಮನೆಗೆ ಮಾರಾಟವಾದವಳು. ಅದೇ ದಿನ ಹಾವು ಕಚ್ಚಿದ ತನ್ನ ಮಗನ ಹೆಣ ಹೊತ್ತು ಸುಡುಗಾಡಿಗೆ ಬಂದವಳು, ಹೆಣದ ತೆರಿಗೆ ಕೊಡಲೂ ಕಾಸಿಲ್ಲದವಳು. ಅವಳ ಪರವಾಗಿ ಮಾತಾಡುವವರು ಕಾಶಿಯಲ್ಲಿ ಒಬ್ಬರೂ ಇಲ್ಲ. ಎಲ್ಲದರ ಹಿಂದಿನ ಸಂಚು ಒಬ್ಬ ಋಷಿಯದು. ತೀರ್ಪು ರಾಜನದು. ಆಜ್ಞೆ ಇಳಿಯುವುದು ಸುಡುಗಾಡಿನ ಒಡೆಯ, ಕವಿ ಹೊಲೆಯನೆಂದು ಕರೆದ ವೀರಬಾಹುವಿಗೆ. ಅವನಿಂದ ಅದು ಇಳಿಯುವುದು ಅವನ ಆಳಾದ ಹರಿಶ್ಚಂದ್ರನಿಗೆ. ನೋಡಿ, ಸಂಚು ಮೇಲಿನಿಂದ ಹುಟ್ಟಿ, ತೀರ್ಪು ಮೇಲಿನಿಂದ ಬಂದು, ಕೊನೆಗೆ ರಕ್ತ ಮಾತ್ರ ಕೆಳಗಿನವನ ಕೈಗೆ ಅಂಟುತ್ತದೆ. ಕೊರಳೂ ಕೆಳಗಿನವಳದೇ, ಕೈಯೂ ಕೆಳಗಿನವನದೇ. ಅಜ್ಜಿ ಕೇಳಿದ್ದು ಇದನ್ನು.

ರಾಘವಾಂಕ ದೊಡ್ಡ ಕವಿ. ಷಟ್ಪದಿಗೆ ಹೊಸ ಜೀವ ಕೊಟ್ಟವನು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಿರಪರಾಧಿಯೊಬ್ಬಳಿಗೆ ರಾಜ್ಯ ಮರಣದಂಡನೆ ವಿಧಿಸುವುದನ್ನು ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದಲ್ಲಿ ನಿಲ್ಲಿಸಿ ತೋರಿಸಿದವನು ಅವನು. ಓದುವವನಿಗೆ ಆಕೆ ನಿರಪರಾಧಿ ಎಂದು ಗೊತ್ತು. ತೀರ್ಪು ಕೊಟ್ಟವನಿಗೆ ಗೊತ್ತಿಲ್ಲ. ಗಲ್ಲಿನ ವಿರುದ್ಧ ಇದಕ್ಕಿಂತ ದೊಡ್ಡ ವಾದ ಯಾವ ವಕೀಲನೂ ಮಾಡಿಲ್ಲ. ಆದರೆ ಕವಿ ಅಲ್ಲಿಯವರೆಗೆ ನಡೆದು ಬಂದು ನಿಂತುಬಿಡುತ್ತಾನೆ. ಕಾಶಿರಾಜನನ್ನು ಕಟಕಟೆಗೆ ಕರೆಯುವುದಿಲ್ಲ. ದೇವರನ್ನು ಕರೆಯುತ್ತಾನೆ. ವಿಶ್ವನಾಥ ಬಂದ ಮೇಲೆ ಸತ್ತ ಮಗ ಎದ್ದ, ಹೋದ ರಾಜ್ಯ ಬಂತು, ತಪ್ಪು ತೀರ್ಪಿನ ಮಾತೇ ಮುಚ್ಚಿಹೋಯಿತು.

ಇನ್ನೊಂದು ಮಾತು. ಇದೇ ಹರಿಶ್ಚಂದ್ರ ಮೊದಲು, ವಿಶ್ವಾಮಿತ್ರ ಕಳಿಸಿದ ಅನಾಮಿಕ ಕುಲದ ಹುಡುಗಿಯರನ್ನು ಮದುವೆಯಾಗುವುದಕ್ಕಿಂತ ರಾಜ್ಯ ಬಿಡುವುದೇ ಮೇಲು ಎಂದವನು. ಕುಲದ ವಿಷಯದಲ್ಲಿ ಋಷಿಯ ಮಾತನ್ನೂ ಮೀರುವ ಧೈರ್ಯ ಅವನಿಗಿತ್ತು. ತಪ್ಪು ಮಾಡದ ಹೆಂಡತಿಯ ಕೊರಳಿಗೆ ಕತ್ತಿ ಎತ್ತು ಎಂದಾಗ ಮಾತ್ರ ಆ ಧೈರ್ಯ ಎಲ್ಲಿ ಹೋಯಿತು? ಅಲ್ಲಿ ಅವನಿಗೆ ಒಡೆಯನ ಆಜ್ಞೆಯೇ ಸತ್ಯವಾಯಿತು. ಮಡಿವಂತ ವಿಮರ್ಶೆ ಇದನ್ನು ಸತ್ಯದ ಪರಾಕಾಷ್ಠೆ ಎಂದಿತು. ನಾವು ಇದನ್ನು ವಿಧೇಯತೆ ಅನ್ನುತ್ತೇವೆ. ಸತ್ಯ ಬೇರೆ, ವಿಧೇಯತೆ ಬೇರೆ. ಇವೆರಡನ್ನೂ ಒಂದೇ ಎಂದು ನಂಬಿಸಿದ್ದೇ ನಮ್ಮ ಶಿಷ್ಟ ಪರಂಪರೆಯ ದೊಡ್ಡ ಕೆಲಸ.

ಅದೆಲ್ಲ ಪುರಾಣ ಮಾರಾಯರೇ, ಈಗ ಕೋರ್ಟು ಇದೆ, ಕಾನೂನು ಇದೆ ಎನ್ನಬಹುದು. ಇದೆ. 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರು ಮಾಡಿದ್ದು ನೆನೆದರೆ ಇವತ್ತೂ ಮೈ ಉರಿಯುವ ಕೃತ್ಯ. ಆದರೆ ಹಗ್ಗ ಎಳೆಯಲು ಯಾರನ್ನು ಕರೆಸಿದರು? ಮೀರತ್‌ನಿಂದ ಒಬ್ಬನನ್ನು. ಅವನ ಅಪ್ಪ, ಅಜ್ಜ ಕೂಡ ಅದೇ ಕೆಲಸದವರು. ಕೆಲಸವೇ ಆ ಮನೆತನದ ಅಡ್ಡಹೆಸರಾಗಿಬಿಟ್ಟಿದೆ. ತೀರ್ಪು ಬರೆದವರಿಗೆ ಪೆನ್ನು, ಹಗ್ಗ ಎಳೆಯುವವನಿಗೆ ಹುಟ್ಟು. ವೀರಬಾಹು ಇನ್ನೂ ಡ್ಯೂಟಿ ಮೇಲೆಯೇ ಇದ್ದಾನೆ.

ಕತ್ತಿಯ ಕೆಳಗಿನ ಕೊರಳು ಯಾರದು? ದಿಲ್ಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಜೈಲುಗಳನ್ನು ಸುತ್ತಿ, ಗಲ್ಲು ಶಿಕ್ಷೆಯಾದ ಕೈದಿಗಳನ್ನು ಮಾತಾಡಿಸಿ 2016ರಲ್ಲಿ ವರದಿ ಕೊಟ್ಟರು. ಅವರಲ್ಲಿ ಶೇ. 74ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಶೇ. 76ರಷ್ಟು ಮಂದಿ ದಲಿತ, ಆದಿವಾಸಿ, ಹಿಂದುಳಿದ ಅಥವಾ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದವರು. ಇದನ್ನು ಯಾವ ಬಂಡಾಯದವನೂ ಮೊದಲು ಹೇಳಿದ್ದಲ್ಲ; ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿಯವರೇ 1982ರಲ್ಲಿ ಹೇಳಿದ್ದರು. 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆಯಲ್ಲಿ ಉಳಿದ ನಾಲ್ವರು 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಗಲ್ಲು ಇರಲಿ ಎಂದಾಗ ಭಗವತಿಯವರೊಬ್ಬರೇ ಬೇಡ ಎಂದರು. ಅದು ಬಡವರ ಮೇಲೆಯೇ ಬೀಳುತ್ತದೆ ಎಂದು ಕಾರಣ ಬರೆದರು.

ನಮ್ಮ ಘಟ್ಟದ ಮೇಲೇ ಬೆಳಗಾವಿಯ ಹಿಂಡಲಗಾ ಜೈಲಿದೆ. ಕರ್ನಾಟಕದ ಗಲ್ಲು ಅಲ್ಲಿದೆ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ, ಆದರೆ ಅದರ ನೆರಳಿನಲ್ಲಿ ಕೂಡಿಹಾಕಿದವರ ಕತೆ ಬೇರೆ. 1993ರಲ್ಲಿ ಪಾಲಾರ್ ಬಳಿ ವೀರಪ್ಪನ್ ಗುಂಪು ನೆಲಬಾಂಬು ಸಿಡಿಸಿ 22 ಜನರನ್ನು ಕೊಂದಿತು. ಸತ್ತವರೂ ಹೊಟ್ಟೆಪಾಡಿಗೆ ಕಾಡಿಗೆ ಹೋದವರೇ, ಅದನ್ನು ಮರೆಯಬಾರದು. ಆ ಮೊಕದ್ದಮೆಯಲ್ಲಿ ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಜೀವಾವಧಿ ಕೊಟ್ಟಿತು. ಅದು ಸುಪ್ರೀಂ ಕೋರ್ಟಿಗೆ ಹೋದಾಗ 2004ರಲ್ಲಿ ಗಲ್ಲಾಯಿತು. 2013ರಲ್ಲಿ ಕ್ಷಮಾದಾನದ ಅರ್ಜಿ ತಿರಸ್ಕಾರವಾಯಿತು. 2014ರ ಜನವರಿಯಲ್ಲಿ, ಅರ್ಜಿ ತೀರ್ಮಾನಿಸಲು ವರ್ಷಗಟ್ಟಲೆ ತಡಮಾಡಿದ್ದು ತಪ್ಪೆಂದು ಅದೇ ಸುಪ್ರೀಂ ಕೋರ್ಟು ಮತ್ತೆ ಜೀವಾವಧಿ ಮಾಡಿತು. ಅದೇ ಕೃತ್ಯ, ಅದೇ ನಾಲ್ವರು: ಒಮ್ಮೆ ಬದುಕು, ಒಮ್ಮೆ ಸಾವು, ಮತ್ತೆ ಬದುಕು. ಮನುಷ್ಯನ ಉಸಿರು ಹೀಗೆ ಫೈಲಿನ ಚಲನೆಯ ಮೇಲೆ ನಿಂತಿದ್ದರೆ ಅದನ್ನು ನ್ಯಾಯ ಅನ್ನಲು ನಮಗೆ ನಾಲಿಗೆ ಬರುವುದಿಲ್ಲ.

ಇಲ್ಲಿಯವರೆಗೆ ಬರೆದದ್ದು ಸಲೀಸು. ಇನ್ನು ಮುಂದಿನದು ನಮಗೇ ಕಷ್ಟದ್ದು.

2020ರಲ್ಲಿ ಹಾಥರಸ್‌ನ ನಮ್ಮ ತಂಗಿಯ ಸುದ್ದಿ ಬಂದಾಗ ನಾವು ಕೆಲವರು ಮೇಣದ ಬತ್ತಿ ಹಿಡಿದು ನಿಂತೆವು. 'ಗಲ್ಲಿಗೇರಿಸಿ, ಗಲ್ಲಿಗೇರಿಸಿ' ಎಂದು ಗಂಟಲು ಹರಿಯುವಂತೆ ಕೂಗಿದೆವು. ಆ ಕೂಗಿನಲ್ಲಿ ಸುಳ್ಳಿರಲಿಲ್ಲ. ಮೊನ್ನೆ ಈ ಲೇಖನದ ಮಾತು ತೆಗೆದಾಗ ಚಳವಳಿಯಲ್ಲಿ ಕೂದಲು ನರೆಸಿಕೊಂಡ ಹಿರಿಯರೊಬ್ಬರು ಕೇಳಿದರು: "ನಮ್ಮವರನ್ನ ಜೀವಂತ ಸುಟ್ಟವರಿಗೆ ಗಲ್ಲು ಬೇಡ ಅನ್ನೋಕೆ ನೀನ್ಯಾರೋ ತಮ್ಮಾ? ಮೇಲ್ಜಾತಿಯವನ ಕೊರಳಿಗೆ ಹಗ್ಗ ಬೀಳೋ ಕಾಲ ಬರೋ ಹೊತ್ತಿಗೇ ನಿಮ್ಗೆ ದಯೆ ಬಂತಾ?"

ಈ ಪ್ರಶ್ನೆಯನ್ನು ತಳ್ಳಿಹಾಕಿ ಮುಂದೆ ಹೋಗುವವನು ದಲಿತ ಲೇಖಕನಲ್ಲ. ಸುಟ್ಟ ಗುಡಿಸಲ ಮುಂದೆ ನಿಂತು ಕ್ಷಮೆಯ ಉಪದೇಶ ಮಾಡುವುದು ಅಶ್ಲೀಲ. ಬೇರೆಯವರ ಹೆಣದ ಮೇಲೆ ನಾವು ಉದಾರಿಗಳಾಗುವ ಹಕ್ಕು ನಮಗಿಲ್ಲ. ಆದ್ದರಿಂದ ದಯೆಯ ಮಾತು ಬಿಡೋಣ. ಕಂಬಾಲಪಲ್ಲಿಯ ಮಾತಾಡೋಣ.

2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆವತ್ತು ಕಾನೂನಿನ ಪುಸ್ತಕದಲ್ಲಿ ಗಲ್ಲು ಇರಲಿಲ್ಲವೇ? ಇತ್ತು. ಕೊಂದವರ ಕೈ ಅದು ತಡೆಯಿತೇ? ಇಲ್ಲ. 2006ರಲ್ಲಿ ಕೋರ್ಟು ಆರೋಪಿಗಳೆಲ್ಲರನ್ನೂ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಯಾಕೆ ತಿರುಗಿಬಿದ್ದರು? ಸಾಕ್ಷಿ ಹೇಳಿ ಬಂದು ನಾಳೆ ಕೂಲಿಗೆ ಹೋಗಬೇಕಾದ್ದು ಯಾರ ಹೊಲಕ್ಕೆ, ನೀರಿಗೆ ಹೋಗಬೇಕಾದ್ದು ಯಾರ ಬೋರ್‌ವೆಲ್‌ಗೆ ಎಂದು ಹಳ್ಳಿಯ ಮಾಸ್ತರರಿಗೆ ನಾವು ಹೇಳಬೇಕಾಗಿಲ್ಲ. ಗಲ್ಲು ಎಷ್ಟು ಎತ್ತರವಾಗಿದ್ದರೇನು, ಅಲ್ಲಿಗೆ ಹೋಗುವ ಮೆಟ್ಟಿಲೇ ಮುರಿದಿದ್ದರೆ? ಕೊಲ್ಲುವವನು ಗಲ್ಲಿಗೆ ಹೆದರುವುದಿಲ್ಲ. ತನ್ನನ್ನು ಯಾರೂ ಗುರುತು ಹಿಡಿಯುವುದಿಲ್ಲ ಎಂಬ ಧೈರ್ಯ ಅವನಿಗಿದೆ.

ಸರಿ, ಗಲ್ಲು ಸಿಕ್ಕಿತು ಎಂದುಕೊಳ್ಳೋಣ. ಖೈರ್ಲಾಂಜಿಯಲ್ಲಿ ಸಿಕ್ಕಿತ್ತು. 2006ರ ಸೆಪ್ಟೆಂಬರ್ 29ರಂದು ಅಲ್ಲಿ ಒಂದೇ ಮನೆಯ ನಾಲ್ವರನ್ನು ಊರಿನ ಗುಂಪು ಕೊಂದಿತು. 2008ರಲ್ಲಿ ಭಂಡಾರಾ ಕೋರ್ಟು ಆರು ಜನರಿಗೆ ಗಲ್ಲು ವಿಧಿಸಿದಾಗ ದೇಶವೆಲ್ಲ ನ್ಯಾಯ ಸಿಕ್ಕಿತು ಎಂದಿತು. ಆದರೆ ಅದೇ ತೀರ್ಪು ಈ ಕೊಲೆಗೆ ಜಾತಿ ಕಾರಣ ಎಂದು ಒಪ್ಪಲಿಲ್ಲ; ದೌರ್ಜನ್ಯ ತಡೆ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ ಎಂದಿತು. 2010ರಲ್ಲಿ ಹೈಕೋರ್ಟಿನ ನಾಗಪುರ ಪೀಠ ಗಲ್ಲನ್ನು 25 ವರ್ಷದ ಜೈಲಿಗೆ ಇಳಿಸಿತು. ಜಾತಿಯ ಮಾತನ್ನು ಅದೂ ಒಪ್ಪಲಿಲ್ಲ. ಗೆಳೆಯರೇ, ಇದನ್ನು ನಿಧಾನವಾಗಿ ಯೋಚಿಸಿ. ಆರು ಕೊರಳು ಕೊಡಲು ವ್ಯವಸ್ಥೆ ತಯಾರಿತ್ತು. ಒಂದು ಶಬ್ದ ಕೊಡಲು ತಯಾರಿರಲಿಲ್ಲ. ಜಾತಿ ಎಂಬ ಆ ಎರಡಕ್ಷರ. ಆರು ಜನ ರಾಕ್ಷಸರು ಮಾಡಿದರು, ಅವರನ್ನು ತೆಗೆದರೆ ಊರು ಶುದ್ಧ ಎಂದು ಹೇಳುವುದಕ್ಕೆ ಗಲ್ಲಿನಷ್ಟು ಅನುಕೂಲದ ಸಾಧನ ಬೇರೆ ಇಲ್ಲ. ನಮಗೆ ಬೇಕಿರುವುದು ಊರಿನ ಮೇಲಿನ ತೀರ್ಪು. ಅವರು ಕೊಡುವುದು ಹಗ್ಗ. ಹಗ್ಗ ನೋಡಿ ನಾವು ಚಪ್ಪಾಳೆ ತಟ್ಟುವ ಹೊತ್ತಿನಲ್ಲಿ ಊರು ತಪ್ಪಿಸಿಕೊಂಡುಬಿಡುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ ಮುಂತಾದ ಕಾರಣಕ್ಕೆ ಕೊಂದರೆ ಮರಣದಂಡನೆಯವರೆಗೆ ಶಿಕ್ಷೆ ಎಂದು ಹೊಸದಾಗಿ ಸೇರಿಸಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಕೊಲೆಯ ಕಾರಣ ಜಾತಿ ಎಂದು ಬರೆಯಬೇಕಾದ ಕೈ ಯಾವುದು? ಖೈರ್ಲಾಂಜಿಯಲ್ಲಿ ನಡುಗಿದ ಅದೇ ಕೈ. ಶಿಕ್ಷೆ ಭಾರವಾದಷ್ಟೂ ಆ ಕೈ ಇನ್ನಷ್ಟು ನಡುಗುತ್ತದೆ ಎಂಬ ಭಯ ನಮ್ಮದು.

1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿಯೂ ಒಂದು ಕಡೆ ಗಲ್ಲಿನ ಮಾತಿದೆ. ಬಹಳ ಜನ ಅದನ್ನು ಓದಿಲ್ಲ. ಸುಳ್ಳು ಸಾಕ್ಷಿಯಿಂದ ಪರಿಶಿಷ್ಟ ಜಾತಿ, ಪಂಗಡದ ನಿರಪರಾಧಿಯೊಬ್ಬ ಗಲ್ಲಿಗೇರಿಬಿಟ್ಟರೆ, ಆ ಸಾಕ್ಷಿ ಹುಟ್ಟಿಸಿದವನಿಗೆ ಮರಣದಂಡನೆ. ಅಂದರೆ ನಮ್ಮವನೊಬ್ಬ ಏನೂ ಮಾಡದೆ ನೇಣಿಗೆ ಬೀಳಬಹುದು ಎಂದು ಈ ದೇಶದ ಪಾರ್ಲಿಮೆಂಟೇ ಕಂಡಿದೆ, ಕಂಡು ಬರೆದಿಟ್ಟಿದೆ. ಕಾಶಿಯ ಪ್ರಸಂಗ ಪುರಾಣವಲ್ಲ ಎನ್ನಲು ಇನ್ನು ಬೇರೆ ಸಾಕ್ಷಿ ಬೇಕೇ?

ಬಾಬಾಸಾಹೇಬರು ಏನೆಂದರು? 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಗಲ್ಲು ಶಿಕ್ಷೆಯಾದವರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಬೇಕೇ ಎಂಬ ಚರ್ಚೆಯಲ್ಲಿ, ಅದಕ್ಕಿಂತ ಮರಣದಂಡನೆಯನ್ನೇ ತೆಗೆದುಹಾಕುವುದು ತಮಗೆ ಸರಿ ಕಾಣುತ್ತದೆ ಎಂದರು. ಈ ದೇಶದ ಜನ ಆಚರಣೆಯಲ್ಲಿ ಪಾಲಿಸದಿದ್ದರೂ ಅಹಿಂಸೆಯನ್ನು ನೈತಿಕ ಆದೇಶವೆಂದು ಒಪ್ಪಿದವರು ಎಂಬುದು ಅವರು ಕೊಟ್ಟ ಕಾರಣ. ಜಾತಿಯ ಹಿಂಸೆಯನ್ನು ಮೈಮೇಲೆ ಉಂಡವರು ಆಡಿದ ಮಾತು ಅದು, ಮೆತ್ತನೆ ಆಸನದ ಮಾತಲ್ಲ. ದೇಶ ಕೇಳಲಿಲ್ಲ. ಅದೇ ನವೆಂಬರ್ 15ರಂದು ಗಾಂಧಿಯನ್ನು ಕೊಂದವನನ್ನು ಅಂಬಾಲಾ ಜೈಲಿನಲ್ಲಿ ನೇಣಿಗೇರಿಸಿದರು, ಗಾಂಧಿಯ ಮಕ್ಕಳಿಬ್ಬರು ಬೇಡ ಎಂದು ಕೇಳಿಕೊಂಡರೂ. ಅವನು ಸತ್ತ. ಅವನ ವಿಚಾರ ಸತ್ತಿತೇ? ನೀವೇ ಹೇಳಿ.

ಹಾಗಾದರೆ ನಾವು ಏನು ಕೇಳಬೇಕು? ಸಾಕ್ಷಿ ಹೇಳುವವನಿಗೆ ರಕ್ಷಣೆ ಕೇಳಬೇಕು. ಅವನ ಹೆಸರಿಗೆ ತುಂಡು ಭೂಮಿ ಕೇಳಬೇಕು, ಭೂಮಿ ಇದ್ದವನ ಸಾಕ್ಷಿ ತಿರುಗುವುದಿಲ್ಲ. ತಪ್ಪಿಸಿಕೊಳ್ಳಲಾಗದ ಶಿಕ್ಷೆ ಕೇಳಬೇಕು. 2014ರ ಮರಕುಂಬಿ ಗಲಭೆಗೆ ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ವಿಧಿಸಿತು. ಮೇಲಿನ ಕೋರ್ಟುಗಳ ದಾರಿ ಇನ್ನೂ ಉದ್ದ ಇದ್ದರೂ, ಆ ದಿನ ತೀರ್ಪು ಆರು ಜನರ ಮೇಲೆ ಬೀಳಲಿಲ್ಲ, ಒಂದು ಊರಿನ ಅಹಂಕಾರದ ಮೇಲೆ ಬಿತ್ತು. ಒಂದು ಹಗ್ಗವೂ ಬೇಕಾಗಲಿಲ್ಲ.

ನಮ್ಮದು 1979ರಿಂದ ಕಾವ್ಯವನ್ನು ಖಡ್ಗಕ್ಕೆ ಹೋಲಿಸಿಕೊಂಡು ಬಂದ ಚಳವಳಿ. ಖಡ್ಗ ಯಾರ ಆಜ್ಞೆಯ ಮೇಲೆ ಏಳುತ್ತದೆ ಎಂದು ಕೇಳುವುದೂ ಆ ಕಾವ್ಯದ ಕೆಲಸವೇ. ನಂದಗಡಕ್ಕೆ ಹೋಗಿ ನೋಡಿ. 1831ರಲ್ಲಿ ಬ್ರಿಟಿಷರು ಅಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗದ ಹೆಣ್ಣುಮಕ್ಕಳು ಇವತ್ತಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಸರಕಾರ ಕೊರಳಿಗೆ ಕಟ್ಟಿದ ಹಗ್ಗವನ್ನು ಜನ ತೊಟ್ಟಿಲ ಹಗ್ಗ ಮಾಡಿದರು. ಇದು ಯಾವ ಪಂಡಿತನಿಗೂ ಹೊಳೆಯದ ವಿಮರ್ಶೆ. ಜೀವಪರ ಎಂಬ ಮಾತನ್ನು ನಾವು ಭಾಷಣದಲ್ಲಿ ಸವೆಸಿದ್ದೇವೆ, ಅವರು ಮರಕ್ಕೆ ಕಟ್ಟಿದ್ದಾರೆ.

ಕನ್ನಡದಲ್ಲಿ ಇನ್ನೂ ಬರೆಯದ ಒಂದು ದೃಶ್ಯ ಉಳಿದಿದೆ. ಚಂದ್ರಮತಿ ತಲೆಬಾಗಿಸಿ ಕೂತಿದ್ದಾಳೆ. ಆಜ್ಞೆ ಬಂದಿದೆ. ದೇವರು ಬರುವುದಿಲ್ಲ. ವೀರಬಾಹು ಕತ್ತಿಯನ್ನು ಸುಡುಗಾಡಿನ ಬೂದಿಯಲ್ಲಿ ಊರಿ, ಕಾಶಿರಾಜನ ಕಡೆ ತಿರುಗಿ, ಮೊದಲು ಸಾಕ್ಷಿ ತನ್ನಿ ಅನ್ನುತ್ತಾನೆ. ಆಮೇಲೂ ಕಡಿಯಲೇಬೇಕು ಅಂದರೆ, ನೀವೇ ಬಂದು ಕಡಿಯಿರಿ ಅನ್ನುತ್ತಾನೆ.

ಅದನ್ನು ನಮ್ಮಲ್ಲೇ ಯಾರಾದರೂ ಬರೆಯಬೇಕು. ಅಜ್ಜಿ ಈಗ ಇಲ್ಲ. ಇದ್ದಿದ್ದರೆ ಆ ಆಟಕ್ಕೆ ಚಾಪೆ ಹಿಡಿದು ಎಲ್ಲರಿಗಿಂತ ಮೊದಲು ಹೊರಡುತ್ತಿದ್ದಳು.