ಷಟ್‌ಸ್ಥಲದೊಳಗಿನ ಮನಶ್ಶಾಸ್ತ್ರ: ಯಡಿಯೂರು ಪರಂಪರೆ

ಷಟ್‌ಸ್ಥಲ ಸಿದ್ಧಾಂತವನ್ನು ದರ್ಶನವೆಂದು ಓದುವುದು ರೂಢಿ. ಶಿವ, ಜೀವ, ಜಗತ್ತುಗಳ ಸಂಬಂಧವನ್ನು ವಿವರಿಸುವುದರಿಂದ ಅದು ದರ್ಶನವೇ ಸರಿ. ಆದರೆ ವಿಜಯನಗರ ಕಾಲದ ತೋಂಟದ ಸಿದ್ಧಲಿಂಗರ ವಚನಗಳಲ್ಲಿ ಅದು ಮನಸ್ಸಿನ ಶಾಸ್ತ್ರವಾಗಿಯೂ ಬೆಳೆದಿದೆ. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದ 701 ವಚನಗಳು ಈ ಎರಡನ್ನೂ ಬೇರ್ಪಡಿಸುವುದಿಲ್ಲ.

ಈ ಪರಂಪರೆಯ ನೆಲೆಗಳು ಇಂದಿನ ತುಮಕೂರು ಜಿಲ್ಲೆಯಲ್ಲಿ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಸಂಪ್ರದಾಯವು ಸಿದ್ಧಗಂಗೆಯನ್ನು ಗೋಸಲ ಸಿದ್ಧೇಶ್ವರರೊಂದಿಗೆ, ಗುಬ್ಬಿಯನ್ನು ಗೋಸಲ ಚನ್ನಬಸವೇಶ್ವರರೊಂದಿಗೆ ಸೇರಿಸಿ ನೆನೆಯುತ್ತದೆ. ಈ ಚನ್ನಬಸವೇಶ್ವರರೇ ಸಿದ್ಧಲಿಂಗರ ಗುರು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟ ಸಿದ್ಧಲಿಂಗರ ತಪಸ್ಸಿನ ಜಾಗ, ಯಡಿಯೂರು ಅವರ ಗದ್ದುಗೆಯ ಊರು.

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ವ್ಯವಸ್ಥೆಗೊಳಿಸಿದ ಹಿರಿಮೆ ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನದು. ಪ್ರತಿ ಸ್ಥಲಕ್ಕೂ ಭಕ್ತಿಯ ಒಂದು ಬಗೆಯಿದೆ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಹಾಗೆಯೇ ಪ್ರತಿ ಸ್ಥಲದಲ್ಲೂ ಅಂತಃಕರಣದ ಒಂದು ಶಕ್ತಿ ತಿದ್ದಿಕೊಳ್ಳುತ್ತದೆ. ಚಿತ್ತ ಸುಚಿತ್ತವಾಗುತ್ತದೆ, ಬುದ್ಧಿ ಸುಬುದ್ಧಿಯಾಗುತ್ತದೆ, ಅಹಂಕಾರ ನಿರಹಂಕಾರವಾಗುತ್ತದೆ. ಮುಂದೆ ಮನ, ಜ್ಞಾನ, ಭಾವಗಳಿಗೂ ಇದೇ ಕ್ರಮ. ಭಕ್ತಿಯೆಂದರೆ ಒಂದೇ ಬಗೆಯ ಭಾವಾವೇಶವಲ್ಲ, ಹಂತಹಂತವಾಗಿ ಸ್ವರೂಪ ಬದಲಿಸುವ ಮನಃಸ್ಥಿತಿ ಎಂಬ ಅರಿವು ಇಲ್ಲಿದೆ.

ಇವುಗಳಲ್ಲಿ ಪ್ರಸಾದಿಸ್ಥಲದ ವಿಚಾರ ಅತ್ಯಂತ ಸೂಕ್ಷ್ಮವಾದದ್ದು. ಮೂಗು, ನಾಲಗೆ, ಕಣ್ಣು, ಚರ್ಮ, ಕಿವಿ ಐದಕ್ಕೂ ಒಂದೊಂದು ಲಿಂಗ. ಆರನೆಯ ಮಹಾಲಿಂಗಕ್ಕೆ ಹೃದಯವೇ ಇಂದ್ರಿಯ. ಕಂಡದ್ದನ್ನು, ಉಂಡದ್ದನ್ನು ಮೊದಲು ಲಿಂಗಕ್ಕೆ ಅರ್ಪಿಸಿ ಆಮೇಲೆ ಪ್ರಸಾದವಾಗಿ ಸ್ವೀಕರಿಸಬೇಕು. ಹೀಗೆ ಬಯಕೆಗೂ ಭೋಗಕ್ಕೂ ನಡುವೆ ಎಚ್ಚರದ ಒಂದು ಕ್ಷಣ ಹುಟ್ಟುತ್ತದೆ. ಇಂದ್ರಿಯಗಳನ್ನು ದಂಡಿಸುವ ಮಾತೇ ಇಲ್ಲಿಲ್ಲ. ರುಚಿ ರುಚಿಯಾಗಿಯೇ ಉಳಿಯುತ್ತದೆ, ಅದಕ್ಕೆ ಕೈಚಾಚುವ 'ನಾನು' ಮಾತ್ರ ಹಿಂದೆ ಸರಿಯುತ್ತದೆ. ನಿರಹಂಕಾರವನ್ನು ಇದೇ ಸ್ಥಲಕ್ಕೆ ಸೇರಿಸಿರುವುದರ ಔಚಿತ್ಯ ಆಗ ತಿಳಿಯುತ್ತದೆ.

ತತ್ತ್ವಶಾಸ್ತ್ರ, ಮನಶ್ಶಾಸ್ತ್ರ ಎರಡರಲ್ಲೂ ದುಡಿದ ಅಮೆರಿಕದ ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವಗಳ ವೈವಿಧ್ಯವನ್ನು ಕುರಿತ ತನ್ನ ಹೆಸರಾಂತ ಗ್ರಂಥವನ್ನು ಪ್ರಕಟಿಸಿದ. ವ್ಯಕ್ತಿಗಳು ಬರೆದಿಟ್ಟ ಅನುಭವಗಳನ್ನು ಕಲೆಹಾಕಿ ಪರಿಶೀಲಿಸುವುದು ಅವನ ಕ್ರಮ. ಷಟ್‌ಸ್ಥಲದಲ್ಲಿ ಪರಿಶೀಲಿಸುವವನೂ ಪರಿಶೀಲನೆಗೆ ಒಳಗಾಗುವವನೂ ಒಬ್ಬನೇ. ಅದರ ಬಲವೂ ಮಿತಿಯೂ ಇದೇ: ಮನಸ್ಸನ್ನು ಒಳಗಿನಿಂದ ಬಲ್ಲದು, ಆದರೆ ಗುರಿಯನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ.

ಸಿದ್ಧಲಿಂಗರ ಶಿಷ್ಯಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರ 'ಶೂನ್ಯಸಂಪಾದನೆ'ಯಲ್ಲಿ ಇದೇ ವಿವೇಚನೆ ಸಂವಾದದ ರೂಪ ತಾಳಿದೆ. ಗೂಳೂರು ತುಮಕೂರಿನ ಮಗ್ಗುಲಲ್ಲೇ ಇದೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನ ದುಃಖವನ್ನು, ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನ ಕರ್ತೃತ್ವಭಾವವನ್ನು ಅಲ್ಲಮ ಎದುರಾಗಿ ನಿಂತು ಪ್ರಶ್ನಿಸುತ್ತಾನೆ. ಅವನು ಸಿದ್ಧ ಸಮಾಧಾನ ಹೇಳುವವನಲ್ಲ. ದುಃಖಿಸುವವರು ಯಾರು, ಮಾಡುವವನು ಯಾರು ಎಂದು ಕೆದಕುತ್ತಾನೆ. ಸಿದ್ಧಾಂತವಾಗಿ ಒಣಗಿದಂತೆ ಕಾಣುವ ಪರಿಭಾಷೆಗೆ ಇಲ್ಲಿ ಮತ್ತೆ ಜೀವ ಬರುತ್ತದೆ.

ಪರಂಪರೆಯ ದೋಷವೂ ಸಣ್ಣದಲ್ಲ. ಆರು ಸ್ಥಲಗಳು ನೂರೊಂದಾಗಿ ಕವಲೊಡೆದಂತೆ ಅನುಭವಕ್ಕಿಂತ ವರ್ಗೀಕರಣವೇ ಮುಂದಾಯಿತು. ಸಿದ್ಧಲಿಂಗರ ಹಲವು ವಚನಗಳು ಕೋಷ್ಟಕಗಳಂತೆ ಓದಿಸಿಕೊಳ್ಳುತ್ತವೆ. ಅಂಬಿಗರ ಚೌಡಯ್ಯನಂಥವರು ತಮ್ಮ ಕಸುಬಿನ ನಡುವೆ ನಿಂತು ಎತ್ತಿದ ಜಾತಿಯ ಪ್ರಶ್ನೆ, ಕಾಯಕದ ಬಿಸಿ ಅವುಗಳಲ್ಲಿ ಬಹಳ ಕಡಿಮೆ. ಅಂತರಂಗ ಎಷ್ಟು ಆಳವಾಯಿತೋ ಬೀದಿ ಅಷ್ಟು ದೂರವಾಯಿತು.

ಆದರೂ ಕನ್ನಡದಲ್ಲಿ ಅವಧಾನ, ಅಹಂಕಾರ, ಸಮರಸಗಳನ್ನು ಇಷ್ಟು ಕ್ರಮಬದ್ಧವಾಗಿ ಚಿಂತಿಸಿದ ಪರಂಪರೆಗಳು ವಿರಳ. ಯಡಿಯೂರಿನಲ್ಲಿ ಸಿದ್ಧಲಿಂಗರಿಗೆ ಪೂಜೆಯೇನೋ ತಪ್ಪದೆ ಸಲ್ಲುತ್ತಿದೆ. ಅವರ ವಚನಗಳು ಮನಶ್ಶಾಸ್ತ್ರದ ತರಗತಿಗಳಿಗೂ ಪಠ್ಯವಾಗಬೇಕು. ತುಮಕೂರಿನ ಕಾಲೇಜುಗಳೇ ಈ ಕೆಲಸಕ್ಕೆ ಮೊದಲು ಮುಂದಾಗಲಿ.