ಹೆಸರು ಕೇಳುವ ನಗರ

ನಗರ ಎಂದರೆ ಅನಾಮಿಕತೆ, ಪರಕೀಯತೆ, ಬೇರು ಕಿತ್ತುಹೋದ ವ್ಯಕ್ತಿ: ನವ್ಯ ವಿಮರ್ಶೆ ನಮಗೆಲ್ಲ ಬಾಯಿಪಾಠ ಮಾಡಿಸಿದ ಮಾತುಗಳು ಇವು. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಪಾಠ ಮಾಡುವಾಗಲೂ ಮೇಷ್ಟ್ರುಗಳು ಹೇಳೋದು ಇದನ್ನೇ. ‘ಶಿಕಾರಿ’ ದೊಡ್ಡ ಕಾದಂಬರಿ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕ ನಾಗಪ್ಪನ ಭಯವೇ ನಗರದ ಭಯ ಅಂದುಬಿಟ್ಟರೆ ಒಪ್ಪುವುದು ಕಷ್ಟ. ನಮ್ಮ ಜನ ನಗರಕ್ಕೆ ಬಂದದ್ದೇ ಹೆಸರು ಕಳೆದುಕೊಳ್ಳುವ ಆಸೆಯಿಂದ. ನಗರ ಕಳೆದುಕೊಳ್ಳಲು ಬಿಡಲಿಲ್ಲ. ತಕರಾರು ಇರುವುದು ಅಲ್ಲಿ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೆಯ ದಿನ ಕೋಲು ಹಿಡಿದವರು ಬಂದು ನಿಂತರು. ಹಿಂದೂ ಸ್ನೇಹಿತ, ನೀನು ಬಂದರೆ ನಮ್ಮ ಮನೆ ಆಳುಗಳು ಬಿಟ್ಟುಹೋಗ್ತಾರೆ ಅಂದ. ಕ್ರೈಸ್ತ ಸ್ನೇಹಿತ, ಹೆಂಡತಿಯನ್ನು ಕೇಳಬೇಕು ಅಂದ. ರಾತ್ರಿಯ ರೈಲಿನ ತನಕ ಅಂಬೇಡ್ಕರರು ಕಾಮಾಟಿ ಬಾಗ್ ಉದ್ಯಾನದಲ್ಲಿ ಕಾಲ ಕಳೆದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಇದೆಲ್ಲ ಇದೆ. ಅಲ್ಲಿ ಯಾರು ಏನಂದರು, ಎಷ್ಟು ದಿನ, ಎಷ್ಟು ಗಂಟೆ ಎಂಬ ಲೆಕ್ಕವೇ ಮುಖ್ಯ. ಆ ಲೆಕ್ಕ ಒಣದು ಅಂತ ಯಾರಾದರೂ ಅಂದರೆ, ಅವರು ಬಾಡಿಗೆ ಮನೆ ಹುಡುಕಿದವರಲ್ಲ ಬಿಡಿ. ಇರಾನಿನಿಂದ ನೆಲೆ ಅರಸಿ ಬಂದವರ ಸಂತತಿಯೇ ಕೋಲು ಹಿಡಿಯಿತು ಎಂಬುದನ್ನೂ ನಾವು ಓದಿಕೊಳ್ಳಬೇಕು. ವಲಸೆ ಬಂದವರೆಲ್ಲ ತಮ್ಮಷ್ಟಕ್ಕೆ ತಾವೇ ಒಂದಾಗುವುದಿಲ್ಲ.

1963ರಲ್ಲಿ ಬಂದ ಬಾಬುರಾವ್ ಬಾಗುಲರ ಮರಾಠಿ ಕಥೆ ‘ಜೇವ್ಹಾ ಮೀ ಜಾತ್ ಚೋರಲೀ ಹೋತೀ’ ಇದರ ಮುಂದಿನ ಅಧ್ಯಾಯದ ಹಾಗಿದೆ. ರೈಲ್ವೆ ನೌಕರಿಗೆಂದು ಪರಊರಿಗೆ ಹೋದವನನ್ನು ಜಾತಿ ಕೇಳುತ್ತಾರೆ. ಅವನು ಮುಂಬಯಿಯ ಹೆಸರು ಹೇಳುತ್ತಾನೆ. ಜಾತಿಯ ಜಾಗದಲ್ಲಿ ನಗರವನ್ನು ಇಡುವ ಆ ಉತ್ತರ ಸುಳ್ಳಲ್ಲ, ಅದು ಅವನ ಕನಸು. ಗುಟ್ಟು ಬಯಲಾದ ಮೇಲೆ ಹೊಡೆತ ಬೀಳುತ್ತದೆ. ಬಾಗುಲರು ಅದೇ ಕಥೆಯಲ್ಲಿ ಜಾತಿ ಮುಚ್ಚಿಡದ ಕಾಶೀನಾಥನನ್ನೂ ತರುತ್ತಾರೆ; ಮುಚ್ಚಿಟ್ಟವನನ್ನು ಉಳಿಸುವುದು ಅವನೇ. ಹಾಗಂತ ಮುಚ್ಚಿಟ್ಟವನನ್ನು ಹೇಡಿ ಅನ್ನುವ ವಿಮರ್ಶೆ ನನಗೆ ಬೇಡ. ‘ನೀವು ಯಾವ ಜನ?’ ಅಂತ ಕೇಳುವ ಓನರಮ್ಮನ ಎದುರು ಅಡ್ವಾನ್ಸ್ ದುಡ್ಡು ಕೈಯಲ್ಲಿ ಹಿಡಿದು ನಿಂತಾಗ ನಾನೂ ಊರಿನ ಹೆಸರು ಹೇಳಿ ಜಾರಿಕೊಂಡಿದ್ದೇನೆ. ಈಗ ಪ್ರಶ್ನೆ ಇನ್ನೂ ನಯವಾಗಿದೆ: ‘ವೆಜ್ಜಾ, ನಾನ್‌ವೆಜ್ಜಾ?’

ಇಲ್ಲಿ ಜಾರಿಕೊಳ್ಳಲಾರದವರೂ ಇದ್ದಾರೆ. ಈಶಾನ್ಯದಿಂದ ಬೆಂಗಳೂರಿಗೆ ಬಂದು ಸೆಕ್ಯೂರಿಟಿ ಕೆಲಸ, ಹೋಟೆಲು, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುವವರಿಗೆ ಮುಖವೇ ಹೆಸರು. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾನ ಕೂದಲನ್ನು ಆಡಿಕೊಂಡು ನಕ್ಕರು. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಆಮೇಲೆ ಬೇಜ್‌ಬರುವಾ ಸಮಿತಿ ಬಂತು, ವರದಿಯೂ ಬಂತು. ಅದಕ್ಕೂ ಮುಂಚೆ, 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ನಡೆದ ಹಿಂಸೆಯ ಬೆನ್ನಿಗೇ ಇಲ್ಲಿ ಗಾಳಿಸುದ್ದಿ ಹಬ್ಬಿತ್ತು. ಆಗಸ್ಟಿನಲ್ಲಿ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳಿಗೆ ನುಗ್ಗಿದರು. ಅವರ ಮೇಲೆ ಒಬ್ಬನೂ ಕೈ ಎತ್ತದೇ ಇದ್ದ ಬೀದಿಗಳಿಂದಲೂ ಓಡಿದರು. ದಿನದಿನದ ‘ಚಿಂಕಿ’ ಅನ್ನುವ ಮಾತು ನಿತ್ಯ ಕಿವಿಗೆ ಬೀಳುತ್ತಿದ್ದವರಿಗೆ ಎಸ್ಸೆಮ್ಮೆಸ್ಸನ್ನು ನಂಬುವುದಕ್ಕೆ ಸಾಕ್ಷಿ ಬೇಕಿತ್ತೇ?

ಇವರನ್ನೂ ದಲಿತರು ಅಂತ ಕರೆದು ಒಂದೇ ಪಂಕ್ತಿಗೆ ಕೂರಿಸುವ ಆತುರ ನನಗಿಲ್ಲ. ಬೆಂಗಳೂರು ಒಂದೇ ಬೈಗುಳದಲ್ಲಿ ಸುತ್ತಿದ ಮೈತೇಯಿ ಮತ್ತು ಕುಕಿಗಳ ನಡುವೆ 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ರಕ್ತ ಹರಿಯಿತು. ಅವರೊಳಗಿನ ಮೇಲುಕೀಳು ಅವರದೇ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಮಂಚನಬೆಲೆಯ ಹುಡುಗ ಬೆಂಗಳೂರಿಗೆ ಬಂದು ಮತ್ತೆ ಬಡವರ ಕೇರಿಯನ್ನೇ ಸೇರಿದರೂ ಅವನಿಗೆ ಇಲ್ಲಿನ ಭಾಷೆ ಇತ್ತು, ಆ ಭಾಷೆಯಲ್ಲಿ ನಗುವ ಶಕ್ತಿ ಇತ್ತು. ಇವರಿಗೆ ಆ ಭಾಷೆಯೂ ಹೊರಗಿನದು. ಹೊರಗಿನದು ಮಾಡುತ್ತಿರುವುದು ಕನ್ನಡವಾಡುವ ನಾವೇ, ನಮ್ಮ ಕೇರಿಯವರೂ ಅದರಲ್ಲಿ ಸೇರಿದ್ದೇವೆ.

ಆ ರೈಲುಗಳಲ್ಲಿ ಹೋದವರಲ್ಲಿ ಬಹಳ ಮಂದಿ ಕೆಲವೇ ವಾರಗಳಲ್ಲಿ ವಾಪಸು ಬಂದರು. ಓಡಿಹೋದದ್ದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಚೀಲ ಹೊತ್ತು ಮತ್ತೆ ಅದೇ ಗೇಟಿನ ಮುಂದೆ ನಿಂತಾಗ ಓನರು ಏನು ಕೇಳಿದರು, ಬಾಡಿಗೆ ಏರಿಸಿದರೋ, ಕಾಫಿ ಕೊಟ್ಟರೋ? ನಮ್ಮ ಕಥೆಗಾರರಿಂದ ನಾನು ಓದಬೇಕೆಂದಿರುವುದು ಆ ಬೆಳಗಿನ ಮಾತುಕತೆಯನ್ನು.